ಬೂದಿ ಹತ್ತಿದ ಹೆಬ್ಬೆರಳು

ಎಡಗೈ, ಅದು ಎಡಗೈಯಲ್ಲವೇ, ಮಂಜುಳಾ ಬೂದಿ ಬಟ್ಟಲಿಗೆ ಅದ್ದಿ ತೆಗೆದ ಹೆಬ್ಬೆರಳು ಎಡಗೈಯದು, ಮಗ್ಗದ ಮೇಲಿನ ಹಳೆ ಎಳೆಗೆ ಹೊಸ ಎಳೆಯ ತುದಿ ಹಚ್ಚಿ ಅದನ್ನು ಮುಂದಕ್ಕೆ ಹೊಸೆಯುತ್ತಾಳೆ, ಮುಂದಕ್ಕೆ — ಸಬೀನಾಳ ಕೈಯಲ್ಲಿದ್ದ ಚಹದ ಗ್ಲಾಸು ಬಾಯಿವರೆಗೂ ಹೋಗಲಿಲ್ಲ. ಖರೆ ಹೇಳಬೇಕೆಂದರೆ ಆ ಚಹ ಕುಡಿಯಲಿಕ್ಕಲ್ಲ, ಬಲಗೈ ಬೆರಳುಗಳಿಗೆ ಕಾವು ಕೊಡಲಿಕ್ಕೆ, ಬೆಳಗಾದರೆ ಸಂದುಗಳು ಊದಿ ಬೆರಳು ಮಡಚುವುದೇ ಇಲ್ಲ, ಟೀಚರ್‌ಗೆ ಚಹದ ಹುಚ್ಚು ಅಂತ ನೇಯ್ಗೆ ಕಲಿಯಲು ಬರುವ ಹುಡುಗಿಯರು ನಗುತ್ತಾರೆ, ನಗಲಿ, ನಗುವವರು ಕೈ ತೋರಿಸು ಅನ್ನುವುದಿಲ್ಲ. ಆದರೆ ಇದೇನಿದು, ಮಂಜುಳಾ ಒಬ್ಬಳೇ ಅಲ್ಲ, ಪಕ್ಕದ ರುಹಿ, ಅವಳಾಚೆಯವಳು, ಸಾಲಿಗೆ ಸಾಲೇ ಎಡಗೈ, ಎಲ್ಲರೂ ಮುಂದಕ್ಕೆ, ಯಾ ಅಲ್ಲಾ, ಇಷ್ಟು ದಿನ ಕಣ್ಣು ಎಲ್ಲಿಟ್ಟಿದ್ದೆ. ಎಲ್ಲಿಡುತ್ತಾಳೆ, ತನ್ನ ನೋವಿನ ಮೇಲೇ ಇಟ್ಟಿದ್ದಳು. ಬಲಗೈ ಕೆಲಸ ಬಿಟ್ಟ ವಾರ ಅದು ಯಾರಿಗೂ ಗೊತ್ತಾಗದಿರಲೆಂದು ಎಡಗೈಯಲ್ಲಿ ಎಳೆ ಕೂಡಿಸಿ ತೋರಿಸಿದಳು, ಬಲಗೈಯಾದರೆ ಮುಂದಕ್ಕೆ, ಎಡಗೈಯಾದ್ದರಿಂದ ಹಿಂದಕ್ಕೆ ಹೊಸೆದಳು, ಹಾಗೆ ಹೊಸೆದರೇ ನೂಲಿನ ತಿರುವು ಸರಿ ಬರುವುದು, ಎದುರಿಗೆ ಕುಳಿತವರು ಎಡಗೈ ಕಲಿತರು, ಹಿಂದಕ್ಕೆ ಅನ್ನುವುದನ್ನು ಕಲಿಯಲಿಲ್ಲ, ಅವಳು ಬಾಯಿಬಿಟ್ಟು ಹೇಳಲೂ ಇಲ್ಲ, ಹೇಳಿದರೆ ಟೀಚರ್ ಯಾಕ ಎಡಗೈ ಅಂತ ಕೇಳುತ್ತಿದ್ದರು.

ಅಮ್ಮ ಸುಗ್ರಾಬಿ ಬೆಟಗೇರಿಯ ನೇಕಾರರ ಮನೆಮನೆಗೆ ಹೋಗಿ ಹಾಸು ಕೂಡಿಸುತ್ತಿದ್ದವಳು, ಹಾಸು ಅಂದರೆ ಸೀರೆಯ ಉದ್ದದ ಎಳೆಗಳು, ಒಂದೊಂದಕ್ಕೂ ಬೂದಿ ಹಚ್ಚಿ ಹೊಸೆಯಬೇಕು, ಪುಟ್ಟ ಸಬೀನಾಳ ಕೈ ಹಿಡಿದು ಅಂದಿದ್ದಳು, ನೂಲಿನ ತಿರುವಿನ ಕೂಡ ಹೊಸಿ ಬೇಟಿ, ಎದುರ ಹೊಸದ್ಯಂದ್ರ ಈಗ ಕೂಡಿದಂಗ ಕಾಣತೈತಿ, ಬಾಚಣಿಕಿಯಂಥ ಹಣಗಿಯೊಳಗ ಹಾಯೂ ಮುಂದ ಬಿಚ್ಚತೈತಿ. ಬಿಚ್ಚುತ್ತದೆ. ಇಡೀ ಹಾಸು ಇವತ್ತು ಬಿಚ್ಚುತ್ತದೆ, ತಪಾಸಣೆಗೆ ಬರುವ ಸಾಹೇಬರ ಕಣ್ಣೆದುರಿಗೇ. ನಿಮ್ಮ ಹುಡುಗ್ಯಾರು ಕೂಡಿಸಿದ ಹಾಸು ಎಳದ ನೋಡ್ತಾರಂತ್ರಿ, ಚಲೋ ಬಂತಂದ್ರ ನಿಮ್ಮ ಕೆಲಸ ಕಾಯಂ ಆತು ಅಂತ ತಿಳಕೋರಿ, ಅಂದಿದ್ದರು ಕೇಂದ್ರದ ಹಿರಿಯ ಗೋಣೆಪ್ಪ ಮಾಸ್ತರರು, ಪಾಪ, ತಮ್ಮ ಮಗಳಿಗೇ ನೌಕರಿ ಸಿಕ್ಕ ಹಾಗೆ ಹಿಗ್ಗಿಕೊಂಡು. ಗದಗ ಜಿಲ್ಲೆಯಾಗಿ ಕಚೇರಿಗಳು ಬಂದ ಮೇಲೆ ತೆರೆದ ಕೇಂದ್ರ, ಹೊಸ ಜಿಲ್ಲೆಯ ಹೊಸ ಕುರ್ಚಿ, ಅದರ ಮೇಲೆ ಸುಗ್ರಾಬಿಯ ಮಗಳು, ಓಣಿಯವರೆಲ್ಲ ಟೀಚರ್ ಅನ್ನತೊಡಗಿದ್ದು ಆಗಲೇ. ಇದು ಹೋಗೂ ಬ್ಯಾನಿ ಅಲ್ಲವಾ ತಂಗಿ, ಗುಳಿಗಿ ತಗೋತ ಇದರ ಕೂಡನ ಬಾಳೇ ಮಾಡಬೇಕು, ಎಂದು ಡಾಕ್ಟರರು ಹೇಳಿದ್ದೂ ಆಗಲೇ, ಅವಳು ಗೋಣು ಹಾಕಿ ಬಂದಳು, ಬಂದು ಬಲಗೈಯನ್ನು ಸೆರಗಿನೊಳಗೆ ಇಟ್ಟಳು, ಚಹದ ಗ್ಲಾಸಿಗೆ ಹೊರತೆಗೆದದ್ದು ಬಿಟ್ಟರೆ ಅದು ಇನ್ನೂ ಅಲ್ಲೇ ಇದೆ. ಕೈ ಬಾರದವಳನ್ನು ಕೈಕೆಲಸ ಕಲಿಸಲಿಕ್ಕೆ ಯಾರು ಇಟ್ಟುಕೊಳ್ಳುತ್ತಾರೆ, ನೀವಾದರೂ ಇಟ್ಟುಕೊಳ್ಳುತ್ತೀರಾ.

ಹೇಳಿಬಿಡಲೇ, ಈಗಲೇ, ಗಾಡಿ ಬರುವುದರೊಳಗೆ, ಮಾಸ್ತರ ಒಂದ ಮಾತರಿ — ಏನವ್ವಾ — ಅವರ ಮುಖ ಎಷ್ಟು ನಂಬಿಕೆಯಿಂದ ಇತ್ತ ತಿರುಗಿತೆಂದರೆ ಅವಳು ಮಾತು ಬದಲಿಸಿದಳು, ಏನಿಲ್ರಿ, ಬೂದಿ ಮುಗಿಯಾಕ ಬಂದೈತಿ. ಬೂದಿಯಂತೆ ಬೂದಿ. ಬೂದಿ ಬಟ್ಟಲು ತುಂಬಿದ್ದು ಅವರಿಗೂ ಕಾಣುತ್ತಿತ್ತು. ಸೆರಗು ಇನ್ನಷ್ಟು ಬಿಗಿದಳು, ಕೈ ನೊಂದಿತು, ಹೊರಗೆ ಗಾಡಿ ನಿಂತಿತು. ನಮಸ್ಕಾರರಿ, ಬರ್ರಿ ಸಾಹೇಬ್ರ, ಕುಂಡ್ರಿ, ಎಂದು ಮಾಸ್ತರರು ಎದುರುಗೊಂಡರು. ಕೊರ್ಲಹಳ್ಳಿಯ ಮಂಜುಳಾ ನದಿ ದಂಡೆಯ ಹುಡುಗಿ, ಯಾರಿಗೂ ಅಂಜದವಳು, ಸೀರೆ ಸರಿಮಾಡಿಕೊಂಡು ಎದ್ದು ನಿಂತಳು, ಅವಳ ಮುಖದ ತುಂಬ ಹಿಗ್ಗು, ಅಯ್ಯೋ ಹಿಗ್ಗಬೇಡವೇ, ನಿನ್ನ ಕೈಯಲ್ಲಿ ನನ್ನ ಸುಳ್ಳಿದೆ.

ಎಳೀರವಾ, ಅಂದರು ಮಾಸ್ತರರು. ಹಾಸು ಮುಂದೆ ಸರಿಯಿತು. ಹಣಿಗೆಯ ಸಂದಿಯೊಳಗೆ ಮೊದಲ ಎಳೆಗಳು ಹಾಯುತ್ತಿವೆ, ಹಾಯ್ದವು, ಅಮ್ಮ ಹೇಳಿದ್ದು ಸುಳ್ಳಾಗಲಿ, ಇದೊಂದು ಸಲ ಸುಳ್ಳಾಗಲಿ, ಹಾಯುತ್ತಿವೆ — ಟಿಕ್ ಎಂದಿತು. ಒಂದು. ಅದರ ಪಕ್ಕದ್ದು. ಆಮೇಲೆ ಸದ್ದೂ ಇಲ್ಲ, ಬಿಚ್ಚಿದ ತುದಿಗಳು ಸುಮ್ಮನೆ ಜೋತುಬಿದ್ದವು, ಮಳೆಗೆ ನೆನೆದ ಕೂದಲಿನ ಹಾಗೆ. ಹುಡುಗಿಯರಿಗೆ ಗಾಬರಿಯೇ ಇಲ್ಲ, ಎಳೆ ಹರಿದರೆ ಅಳಬ್ಯಾಡ್ರಿ, ಕೂಡಸ್ರಿ, ಎಂದು ಕಲಿಸಿದ್ದಾಳಲ್ಲ ಟೀಚರ್, ಎಲ್ಲರೂ ಒಟ್ಟಿಗೇ ಬೂದಿ ಬಟ್ಟಲಿಗೆ ಬಾಗಿದರು, ಒಟ್ಟಿಗೇ ಎತ್ತಿದರು. ಸಾಹೇಬರು ಕನ್ನಡಕ ತೆಗೆದರು. ಇದೇನ್ರೀ ಮಾಸ್ತರ, ಎಲ್ಲಾರೂ ಎಡಚರ ಅದಾರೇನು? ಗೋಣೆಪ್ಪನವರ ನಗು ಅರ್ಧಕ್ಕೆ ನಿಂತಿತು, ಅವರು ಹುಡುಗಿಯರನ್ನು ನೋಡಿದರು, ಆಮೇಲೆ ಸಬೀನಾಳ ಸೆರಗನ್ನು. ಟೀಚರ, ಬರ್ರಿಲ್ಲೆ, ನೀವೊಂದು ಎಳಿ ಕೂಡಿಸಿ ತೋರಸ್ರಿ, ಅನ್ನುತ್ತಿದ್ದಾರೆ ಸಾಹೇಬರು, ಬಲಗೈಲೆ ತೋರಸ್ರಿ, ಅನ್ನುತ್ತಿದ್ದಾರೆ, ಅವಳಿಗೆ ಕೇಳಿಸುತ್ತಿದೆ, ಸೆರಗಿನೊಳಗೆ ಬೆರಳು ಮಡಚುತ್ತಿಲ್ಲ, ಎದುರಿಗೆ ಸಾಲಾಗಿ ಬೂದಿ ಹತ್ತಿದ ಹೆಬ್ಬೆರಳುಗಳು, ಎಡಗೈಯವು, ಹೊಸೆಯಲಿಕ್ಕೆ ಅವಳ ಅಪ್ಪಣೆಗಾಗಿ ಕಾಯುತ್ತ, ಮುಂದಕ್ಕೆ, ಮುಂದಕ್ಕೆ —