ಎಡಗೈಯ ಪಾಲು

“ಇನ್ನೊಂಚೂರು ಎತ್ರಲಾ, ಒಸ್ಲಿಗೆ ತಗಲ್ತದೆ,” ಎಂದು ಕೋದಂಡಪ್ಪ ಕೂಗಿದ. ಆರು ಮಂದಿ ಪಿಯಾನೋವನ್ನು ಬಾಗಿಲು ದಾಟಿಸಿ, ಗಣಿ ಕೆಲಸಗಾರರ ಸಾಲುಮನೆಗಳಿದ್ದ ನಂದಿದುರ್ಗ ಲೈನಿನ ಬೀದಿಗೆ ಇಳಿಸಿದರು. ಅದನ್ನು ಹೊರಗಿಡದೆ ಆ ಪುಟ್ಟ ಮನೆಯಿಂದ ಚಿಕ್ಕಮುನಿಯಪ್ಪನ ದೇಹವನ್ನು ತರಲು ದಾರಿಯಿರಲಿಲ್ಲ.

ದೇಹವನ್ನು ಚಪ್ಪರದ ಕೆಳಗೆ ಚಾಪೆಯ ಮೇಲೆ ಮಲಗಿಸಿದರು. ಹೆಂಡತಿ ನರಸಮ್ಮ ಪಕ್ಕದಲ್ಲಿ ಕೂತಳು.

“ಬಾವನಿಗಿಂತ ಬಾವನ ಪೆಟ್ಟಿಗೇನೇ ತೂಕ,” ಎಂದು ಕೋದಂಡಪ್ಪ ಬೆವರೊರೆಸಿಕೊಂಡ. ಅವನು ನರಸಮ್ಮನ ತಮ್ಮ. “ನನ್ ಮಗಳು ಮೊಜಾರ್ಟ್ ಸೊನಾಟಾ ಬಾರಿಸ್ತಾಳೆ ಅಂತ ಬಂಗಾರಪೇಟೆ ಸಂತೆಯೆಲ್ಲಾ ಸಾರ್ಕೊಂಡು ತಿರುಗ್ತಿದ್ದ. ನಮ್ಮೂರೋರು ಯಾರೂ ಕೇಳಿಲ್ಲ. ಇವತ್ತು ಎಲ್ರೂ ಬಂದವ್ರೆ. ಬಾವನ್ನ ಎತ್ತೋಕ್ ಮುಂಚೆ ಒಂದ್ ಕಿತ ಬಾರಿಸಮ್ಮ, ಸುಕನ್ಯ.”

“ಆಮಾ, ಬಾರಿಸು ಕಣ್ಣು,” ಎಂದಳು ಪಕ್ಕದ ಮನೆಯ ತಮಿಳಿನ ಮಾರಿಯಮ್ಮ. “ತೀರ್ಕೊಂಡೋರ ಮಾತು ಸುಳ್ಳಾಗಬಾರ್ದು.”

ಸುಕನ್ಯ ತಲೆ ತಗ್ಗಿಸಿದಳು. ಅವಳಿಗೆ ಬರುತ್ತಿದ್ದುದು ಅದರಲ್ಲಿ ಅರ್ಧ ಮಾತ್ರ. ಮನೆಯವರಿಗಲ್ಲದೆ ಇನ್ನಾರಿಗೂ ಅದು ತಿಳಿದಿರಲಿಲ್ಲ.

* * *

ಚಿಕ್ಕಮುನಿಯಪ್ಪ ಚಿನ್ನದ ಗಣಿಯಲ್ಲಿ ಫಿಟ್ಟರ್. ಗಣಿ ಅಧಿಕಾರಿಗಳ ಊರಿಗಾಂ ಕ್ಲಬ್ಬಿನ ಪಿಯಾನೋ ರಿಪೇರಿಗೆ ಹೋದವನು, ಅಲ್ಲಿ ನುಡಿಸುತ್ತಿದ್ದ ಡಾಕ್ಟರಮ್ಮನಿಂದ ಒಂದೇ ಒಂದು ಸೊನಾಟಾದ ನಡುವಿನ ನಿಧಾನದ ಭಾಗವನ್ನು ಕಲಿತ. ಪಿಯಾನೋ ಹಳತಾಯಿತೆಂದು ಕ್ಲಬ್ಬಿನವರು ಅವನಿಗೇ ಕೊಟ್ಟರು. ಮರುವರ್ಷ ಗಣಿಯೊಳಗೆ ಬಂಡೆ ಸಿಡಿದು ಎಡಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ದಿನವೇ ಎಂಟು ವರ್ಷದ ಮಗಳನ್ನು ಪಿಯಾನೋ ಮುಂದೆ ತನ್ನ ಎಡಕ್ಕೆ ಕೂರಿಸಿಕೊಂಡ. “ರಾಗ ನಂದು, ನಡೆ ನಿಂದು. ನೀನು ನಿಂತ್ರೆ ನಾನು ಬಿದ್ದೋಯ್ತೀನಿ.”

ದೊಡ್ಡವಳಾದ ಮೇಲೆ ಅವಳು ಕೇಳಿದ್ದಳು: “ಬಲಗೈದೂ ಕಲಿಸಪ್ಪ.”

“ಕಲಿಸಿದ್ರೆ ನನ್ ಕೆಲಸ ಓಯ್ತದಲ್ಲಮ್ಮ. ದೇವ್ರು ಉಳಿಸಿರೋದು ಇದೊಂದೇ ಕೈಯ.”

ಹೊರಗೆ ಮಾತ್ರ ತನ್ನ ಪಾಲನ್ನೂ ಮಗಳ ಹೆಸರಿಗೇ ಹೇಳುತ್ತಿದ್ದ.

* * *

ತಮಟೆಯವರು ತಮಟೆ ಕಾಯಿಸಿಕೊಂಡು ಕಾದಿದ್ದರು. ಕೋದಂಡಪ್ಪ ದನಿ ತಗ್ಗಿಸಿದ. “ಬರದಿದ್ರೆ ಬಿಡಮ್ಮ. ಬಾವ ಏನೋ ಬಾಯಿಮಾತಿಗೆ ಅಂದಿರ್ತಾನೆ.”

ಆ ಮಾತಿಗೆ ಸುಕನ್ಯ ಎದ್ದಳು.

“ನಂಗೆ ಬರೋದು ಎಡಗೈದು ಮಾತ್ರ, ಮಾಮ,” ಎಂದಳು, ಎಲ್ಲರಿಗೂ ಕೇಳುವಂತೆ. “ಬಲಗೈ ಅಪ್ಪಂದು. ನನ್ ಪಾಲು ನಾನು ಬಾರಿಸ್ತೀನಿ.”

ಒಳಗಿನಿಂದ ಬೆಂಚು ತಂದಿಟ್ಟು, ಅದರ ಎಡತುದಿಯಲ್ಲಿ ಕೂತು ಶುರುಮಾಡಿದಳು. ಅವೇ ಕೆಲವು ಸ್ವರಗಳು ಏರಿ ಇಳಿದು, ಹೊಲಿಗೆ ಹಾಕಿದಂತೆ ಒಂದೇ ಸಮನೆ ಸಾಗಿದವು.

“ಇಷ್ಟೇನಾ?” ಎಂದರು ಯಾರೋ.

ಸುಕನ್ಯಳ ಕಿವಿ ಬಿಸಿಯಾಯಿತು. ಕೈ ನಿಲ್ಲಲಿಲ್ಲ.

ಮೊದಲ ಸಾಲು ಮುಗಿದು ಮತ್ತೆ ಆರಂಭವಾಗುವಲ್ಲಿ, ಹಿಂದಿನಿಂದ ಒಂದು ದನಿ ಕೂಡಿಕೊಂಡಿತು. ಅಪ್ಪನ ಬಲಗೈಯ ರಾಗವೇ, ಮಾತಿಲ್ಲದೆ, ಮಗುವನ್ನು ಮಲಗಿಸುವಾಗ ತಾಯಂದಿರು ಗುನುಗುವಂತೆ. ಸುಕನ್ಯ ತಿರುಗಿ ನೋಡಿದಳು.

ನರಸಮ್ಮ. ನಲವತ್ತು ವರ್ಷ ಒಲೆಯ ಮುಂದೆ ಕೂತು ಕೇಳಿದವಳು, ಒಮ್ಮೆಯೂ ಪಿಯಾನೋ ಮುಟ್ಟದವಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಆಕೆ ತಡೆದು, ಮಗಳ ಕೈ ಬರುವವರೆಗೆ ಕಾದು, ತಪ್ಪದೆ ಸರಿಯಾದ ಜಾಗಕ್ಕೇ ಬಂದು ಸೇರಿದಳು.

ಕೋದಂಡಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ನರಸಮ್ಮನ ಬೆನ್ನು ನೆಟ್ಟಗಿತ್ತು. ಗಂಡನ ಎದೆಗೆ ಹೊದಿಸಿದ ಬಿಳಿಯ ಬಟ್ಟೆಯ ಮೇಲೆ ಆಕೆಯ ಬಲಗೈಯ ಐದು ಬೆರಳೂ ಒಂದೊಂದಾಗಿ ಏಳುತ್ತ, ಇಳಿಯುತ್ತ ಇದ್ದವು.