ಹಿನ್ನೀರು ಬೆಳ್ಳಗಾದ ಬೇಸಿಗೆ

ಗೋರೋ ಊರಿನ ಹಿನ್ನೀರಿನಲ್ಲಿ ಏಡಿಗಳು ಬೇಲಿಗೂಟ ಹತ್ತಿ ಕೂತದ್ದನ್ನು ಮೊದಲು ಕಂಡವಳು ನೀವೆಸ್. ಜುಲೈ ತಿಂಗಳು, ಅಲ್ಲಿ ನಡುಬೇಸಿಗೆ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ನೀರಿನ ಮೇಲೆ ಹಸಿರು ಪಾಚಿ ಕಂಬಳಿಯಂತೆ ಹಾಸಿಕೊಂಡಿತ್ತು. ಅದರಡಿಯ ಮರಳಿನಲ್ಲಿ ಅವಳೂ ಮೈದುನ ಇವೋನೂ ಸೇರಿ ಮಾರಲೆಂದು ಬೆಳೆಸಿದ ಮರುವಾಯಿ ಚಿಪ್ಪುಮೀನುಗಳಿದ್ದವು. ಗಂಡ ತೀರಿಕೊಂಡ ಮೇಲೆ ಆ ಚಿಪ್ಪಿನ ಪಾತಿಯ ವಿಷಯದಲ್ಲಿ ಕೊನೆಯ ಮಾತು ಅವಳದೇ.

ಕೋಲಿನಿಂದ ಪಾಚಿ ಸರಿಸಿ ಮೂಸಿದಳು. ಕೊಳೆಯಲು ಶುರುವಾಗಿತ್ತು. ಕೊಳೆಯುವ ಪಾಚಿ ನೀರಿನ ಉಸಿರನ್ನೇ ಹೀರಿಬಿಡುತ್ತದೆ. ಏಡಿಯಾದರೆ ಓಡುತ್ತದೆ, ಮರಳಲ್ಲಿ ಹೂತ ಚಿಪ್ಪು ಎಲ್ಲಿಗೆ ಓಡೀತು?

ದಡಕ್ಕೆ ಬಂದವಳೇ, "ಇವತ್ತೇ ಚಿಪ್ಪೆಲ್ಲ ಎತ್ತಿ, ನೀರು ಹರಿದು ಸಮುದ್ರ ಸೇರೋ ಅಳಿವೆ ಬಾಯಿಗೆ ಸಾಗಿಸ್ಬೇಕು," ಎಂದಳು.

ಇವೋ ಕಾಫಿ ಕುಡಿಯುತ್ತಿದ್ದ. "ಅತ್ತಿಗೆ, ಅಲ್ಲಿ ದೊಡ್ಡ ಅಲೆ ಬಂದ್ರೆ ಎಲ್ಲ ಸಮುದ್ರದ ಪಾಲು. ನಾಳೆ ಗಾಳಿ ಬೀಸುತ್ತೆ, ಸುಮ್ನಿರಿ."

"ಗಾಳಿ ಬಂದು ನಿನ್ ಕಿವೀಲಿ ಹೇಳಿ ಹೋಯ್ತಾ?"

ಪಕ್ಕದ ಪಾತಿಯ ಗ್ವಾಲ್ತಿಯೇರೋ ನಕ್ಕ. "ನೀವೆಸಕ್ಕ ಚಿಪ್ಪುಗಳ್ನ ಬೇಸಿಗೆ ರಜಕ್ಕೆ ಕರ್ಕೊಂಡು ಹೊರಟ್ರು ಕಣೋ."

"ಹೌದಪ್ಪ. ನಿನ್ನವು ಮನೇಲೇ ಇದ್ದು ಬೇಯ್ಲಿ."

ಒಬ್ಬಳೇ ದೋಣಿ ಬಿಟ್ಟಳು. ಸೊಂಟದುದ್ದ ನೀರಿಗಿಳಿದು, ಬಲೆ ಕಟ್ಟಿದ ಕುಂಟೆಯಿಂದ ಮರಳು ಗೋರಿ ಚಿಪ್ಪೆತ್ತತೊಡಗಿದಳು. ಕೆಲವು ಚೀಲ ತುಂಬುವಷ್ಟರಲ್ಲಿ ಹಿಂದೆ ಇನ್ನೊಂದು ದೋಣಿಯ ಸದ್ದು ಕೇಳಿತು. ಇವೋ ನೀರಿಗಿಳಿದ. ಅವಳು ಒಂದು ಕುಂಟೆಯನ್ನು ಅವನತ್ತ ತಳ್ಳಿದಳು.

ಮರುದಿನವೂ ಸಾಗಿಸಿದರು. ಅದರ ಮಾರನೆಯ ಬೆಳಗ್ಗೆ ಹಿನ್ನೀರು ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಕೊಳೆತ ಮೊಟ್ಟೆಯ ನಾತ. ಹಾವುಮೀನುಗಳು ದಡಕ್ಕೆ ಬಂದು ಬಾಯಿ ಬಿಡುತ್ತಿದ್ದವು, ಸಿಗಡಿಗಳು ತೇಲುತ್ತಿದ್ದವು. ಪಾತಿಯಲ್ಲಿ ಉಳಿದುಹೋದ ಮೂರರಲ್ಲೊಂದು ಪಾಲು ಮರುವಾಯಿ ಮರಳಿನಿಂದ ಮೇಲೆದ್ದು ಬಾಯ್ತೆರೆದು ಬಿದ್ದಿತ್ತು. ನೀವೆಸ್ ಒಂದನ್ನು ಬೆರಳಿನಿಂದ ಮುಟ್ಟಿದಳು. ಜೀವವಿದ್ದರೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ.

ಆಚೆ ಗ್ವಾಲ್ತಿಯೇರೋ ತನ್ನ ಪಾತಿಯ ನಡುವೆ ನಿಂತಿದ್ದ. "ಒಂದಷ್ಟು ಇನ್ನೂ ಮುಚ್ಕೊಳ್ತಿವೆ, ಅಕ್ಕ," ಎಂದ, ತಲೆಯೆತ್ತದೆ.

"ಮತ್ತೆ ನಿಂತ್ಕೊಂಡು ಏನ್ ನೋಡ್ತಿದ್ದೀಯ? ಎತ್ತು. ಇವೋ, ದೋಣಿ ಆ ಕಡೆ ತಿರುಗ್ಸು."

"ಅಳಿವೆ ಬಾಯಲ್ಲಿ ನಿಮ್ಮವಕ್ಕೇ ಜಾಗ ಸಾಲಲ್ವಲ್ಲ?" ಎಂದ ಗ್ವಾಲ್ತಿಯೇರೋ.

"ನಮ್ಮವು ಮೂರರಲ್ಲೊಂದು ಪಾಲು ಇಲ್ಲೇ ಸತ್ತು ಬಿದ್ದಿದೆ. ಜಾಗಕ್ಕೇನು ಬರ?"

ಅಳಿವೆ ಬಾಯಲ್ಲಿ ನೀರು ತಣ್ಣಗೆ ಹರಿಯುತ್ತಿತ್ತು. ಗ್ವಾಲ್ತಿಯೇರೋನ ಚಿಪ್ಪುಗಳನ್ನು ಬೀಜ ಬಿತ್ತುವ ಹಾಗೆ ವಿರಳವಾಗಿ ಚೆಲ್ಲಿಸಿದಳು. ಅವನು ಗುಡ್ಡೆ ಹಾಕಲು ಹೋದಾಗ ಕೈ ಹಿಡಿದು ತಡೆದಳು.

ಆಗಸ್ಟ್ ಕೊನೆಯ ಬಿರುಗಾಳಿ ಒಂದಿಷ್ಟು ಚಿಪ್ಪುಗಳನ್ನು ಸಮುದ್ರಕ್ಕೆ ಒಯ್ದದ್ದೂ ನಿಜ. ಇವೋ ಅದನ್ನು ಎತ್ತಿ ಆಡದೆ ಬಿಡಲಿಲ್ಲ. ಉಳಿದವು ಚಳಿಗಾಲಕ್ಕೆ ಮೈತುಂಬಿಕೊಂಡವು. ವಸಂತದಲ್ಲಿ ಹಿನ್ನೀರು ತಿಳಿಯಾದಾಗ, ಅವುಗಳ ಮರಿಗಳನ್ನೇ ತಂದು ಬರಿದಾದ ಪಾತಿಗಳಿಗೆಲ್ಲ ಬಿತ್ತಿದರು, ಮೊಟ್ಟಮೊದಲಿಗೆ ಗ್ವಾಲ್ತಿಯೇರೋನ ಪಾತಿಗೆ.