ಬಿಡ್ತೀಯೋ, ಇಲ್ಲೋ?

ಏಳು ವರ್ಷದ ಹಿಂದೆ ಮಹಾನಂದಾ ಜ್ಯೂಸ್ ಅಂಗಡಿಯವನನ್ನು ಕಾಡಿಬೇಡಿ ಒಂದು ಬಟರ್ ಫ್ರೂಟ್ ಬೀಜ ತಂದಿದ್ದಳು. ಮೂರು ಕಡ್ಡಿ ಚುಚ್ಚಿ, ನೀರಿನ ಲೋಟದ ಮೇಲೆ ಕೂರಿಸಿ, ದಿನಾ ಮಾತಾಡಿಸಿ ಮೊಳಕೆ ಬರಿಸಿದ್ದಳು. ಆ ಗಿಡ ಈಗ ರಾಜಗೋಪಾಲನಗರದ ಅವರ ಮನೆಯ ಮಹಡಿ ಮುಟ್ಟಿತ್ತು. ಎಲೆ ರಾಶಿ ರಾಶಿ, ಕಾಯಿ ಮಾತ್ರ ಸೊನ್ನೆ. ಬೀಜದ ಗಿಡಕ್ಕೆ ಕಸಿ ಗಿಡದ ಅವಸರ ಇರುವುದಿಲ್ಲ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಪೀಣ್ಯದಲ್ಲಿ ಲೇತ್ ಮೇಲೆ ದುಡಿಯುವ ಗಂಡ ಮಡಿವಾಳಪ್ಪನಿಗೆ ಹಳೇ ಕಾರೊಂದು ಗಂಟುಬಿದ್ದಿತ್ತು. ಕಾರಿಗೆ ಜಾಗ ಬೇಕು, ಜಾಗದಲ್ಲಿ ಗಿಡ ನಿಂತಿದೆ. "ಭಾನುವಾರ ಕಡೀತೀನಿ," ಎಂದವನು ಶನಿವಾರವೇ ಕೊಡಲಿ ತಂದಿಟ್ಟ. ಆ ಕಾರೋ, ನಾಲ್ಕು ಜನ ತಳ್ಳಿದರೆ ಓಡುವಂಥದ್ದು! ಅದಕ್ಕೆ ಈ ಗಿಡ ಬಲಿಯೇ? ಮಹಾನಂದಾ ಬೇಡಿಕೊಂಡಳು, ಅತ್ತಳು, ಜಪ್ಪಯ್ಯ ಅಂದರೂ ಅವನು ಬಗ್ಗಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ನಗುನಗುತ್ತಾ ಚಹಾ ಕೊಟ್ಟಳು.

"ಕಡೀರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊದ್ಲ ಒಂದ್ಸಲ ಹೆದರ್ಸಬೇಕಲ್ರೀ? ನಮ್ಮೂರಾಗ ಕಾಯಿ ಬಿಡದ ಹುಣಸಿ ಗಿಡಕ್ಕ ಹಂಗ ಮಾಡ್ತಿದ್ರು."

ಮಡಿವಾಳಪ್ಪನಿಗೂ ಆ ಪದ್ಧತಿ ಗೊತ್ತಿತ್ತು. ಒಬ್ಬರು ಕೊಡಲಿ ಎತ್ತಿ ಗದರಿಸಬೇಕು, ಇನ್ನೊಬ್ಬರು ಗಿಡದ ಹಿಂದೆ ನಿಂತು ಗಿಡದ ಪರವಾಗಿ ಉತ್ತರ ಕೊಡಬೇಕು. ವಾರವಿಡೀ ಸೂಪರ್‌ವೈಸರ್ ಕೈಲಿ ಬೈಸಿಕೊಳ್ಳುವವನಿಗೆ ತಾನೂ ಯಾರನ್ನಾದರೂ ಗದರಿಸುವ ಅವಕಾಶ ಸಿಕ್ಕರೆ ಬಿಡುತ್ತಾನೆಯೇ? ಮಹಾನಂದಾ ಪಕ್ಕದ ಮನೆಯ ವೆಂಕಟಮ್ಮನನ್ನೂ ನೋಡಲು ಕರೆದಳು.

ಅವನು ಲುಂಗಿ ಎತ್ತಿ ಕಟ್ಟಿ, ಕೊಡಲಿ ಝಳಪಿಸಿದ. "ಏ ಗಿಡ! ಕಾಯಿ ಬಿಡ್ತೀಯೋ, ಇಲ್ಲೋ?"

ಗಿಡದ ಹಿಂದಿನಿಂದ ಮಹಾನಂದಾಳ ಸಣ್ಣ ದನಿ ಬಂತು. "ಬಿಡ್ತೀನ್ರೀ ಯಪ್ಪಾ, ಬರೋ ಯುಗಾದಿಗೆ ಬಿಡ್ತೀನಿ. ನೀವು ನನ್ನ ಬಿಡ್ತೀರೇನು?"

"ಹೂಂ, ಬಿಟ್ಟೆ ಹೋಗು!" ಎಂದು ಅವನು ಅಬ್ಬರದಲ್ಲಿ ಗುಡುಗಿದ.

"ಅಯ್ಯೋ, ಮಾತು ಕೊಟ್ಬಿಟ್ರಲ್ಲಣ್ಣಾ!" ಎಂದು ವೆಂಕಟಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಯುಗಾದಿಗಂಟ ಅದನ್ನ ಮುಟ್ಬೇಡಿ, ಒಳ್ಳೇದಾಗಲ್ಲ."

ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಮಡಿವಾಳಪ್ಪ ಕೊಡಲಿ ಇಳಿಸಿದ.

ಕಾರು ಬೀದಿಯಲ್ಲೇ ಉಳಿಯಿತು. ಮಾಘ ಕಳೆದು ಬಿಸಿಲು ಏರಿದ ಮೇಲೆ, ಶಿಫ್ಟ್ ಮುಗಿಸಿ ಬಂದವನು ಗೊಣಗುತ್ತಲೇ ಆ ಗಿಡದ ನೆರಳಿಗೆ ಕುರ್ಚಿ ಎಳೆದುಕೊಳ್ಳತೊಡಗಿದ. ಗಿಡವೋ, ಒಂದು ಹೂವೂ ಬಿಡಲಿಲ್ಲ. ಯುಗಾದಿ ಹತ್ತಿರವಾದಂತೆ ಮಹಾನಂದಾಳಿಗೆ ಅನ್ನ ಸೇರದಾಯಿತು. ಕೊಡಲಿ ಇನ್ನೂ ಬಾಗಿಲ ಹಿಂದೆಯೇ ಇತ್ತು.

ಹಬ್ಬದ ದಿನ ನಸುಕಿನಲ್ಲೇ ಅವಳು ಮಾರುಕಟ್ಟೆಯಿಂದ ತಂದ ಎರಡು ಬಟರ್ ಫ್ರೂಟ್, ಒಂದು ದಾರದುಂಡೆ ಸೆರಗಿನಲ್ಲಿ ಮುಚ್ಚಿಕೊಂಡು ಸದ್ದಿಲ್ಲದೆ ಹೊರಬಂದಳು. ಕಟ್ಟಲೆಂದು ಕೊಂಬೆ ಬಗ್ಗಿಸಿದಳು. ಅಲ್ಲಿ ಆಗಲೇ ಮೂರು ಬಟರ್ ಫ್ರೂಟ್ ತೂಗುತ್ತಿದ್ದವು. ತೊಟ್ಟಿಗೆ ತಾಮ್ರದ ತಂತಿ, ಸುತ್ತಿನ ಪಕ್ಕ ಸುತ್ತು ಕೂಡಿಸಿ ಬಿಗಿದ ಕಾರ್ಖಾನೆ ಕೈಕೆಲಸ. ಒಂದರ ಮೇಲೆ ಅಂಗಡಿಯ ಸ್ಟಿಕ್ಕರ್ ಕೂಡ ಹಾಗೇ ಇತ್ತು.

"ರೀ! ಗಿಡ ಕಾಯಿ ಬಿಟ್ಟೈತ್ರೀ!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಹೆದರ್ಸಿದ್ರ ಬಿಡ್ತೈತಿ ಅಂತ ನೀನ ಹೇಳಿದ್ದಿ," ಎಂದು ಒಳಗೆ ಕಂಬಳಿಯೊಳಗಿಂದ ದನಿ ಬಂತು.

ವೆಂಕಟಮ್ಮ ಓಡಿ ಬರುವಷ್ಟರಲ್ಲಿ ಮಹಾನಂದಾ ಸ್ಟಿಕ್ಕರ್ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು.